ಅತ್ತೆಯ ತಲೆ ಮುಟ್ಟಿದ ಅಳಿಯ

ಲೇವಿಯಾ ಸಮುದ್ರಕ್ಕೆ ಇಳಿಯದೆ ಎಪ್ಪತ್ತೊಂಬತ್ತು ದಿನವಾಗಿತ್ತು. ಇನ್ನು ಹನ್ನೊಂದು ದಿನ ಮೂರ್ಛೆ ಬಾರದಿದ್ದರೆ ತೊಂಬತ್ತು ತುಂಬುತ್ತಿತ್ತು. "ತೊಂಬತ್ತು ದಿನ ಬೀಳದೆ ಇರು ತಾಯಿ, ಆಮೇಲೆ ಜೊತೆಗೊಬ್ಬರನ್ನ ಕರ್ಕೊಂಡು ಮೊಣಕಾಲುದ್ದ ನೀರಿಗಿಳಿ" ಎಂದು ನರ್ಸ್ ಜೋಸ್ಲಿನ್ ಕಟ್ಟುನಿಟ್ಟಾಗಿ ಹೇಳಿದ್ದಳು. ಹವಳದ ಬಂಡೆಯ ಸಂದಿಗೆ ಕೈ ಹಾಕಿ ಆಕ್ಟೋಪಸ್ ಎಳೆಯುವುದರಲ್ಲಿ ಆ ದ್ವೀಪದಲ್ಲೇ ಲೇವಿಯಾಳನ್ನು ಮೀರಿಸಿದವರಿರಲಿಲ್ಲ. ಹಾಗಂತ ಅವಳೇ ಹೇಳುತ್ತಿದ್ದಳು. ಬೇರೆಯವರೂ ಒಪ್ಪುತ್ತಿದ್ದರು, ಯಾಕೆಂದರೆ ಒಪ್ಪದವರು ಅವಳ ಬಾಯಿಗೆ ಸಿಗಬೇಕಾಗುತ್ತಿತ್ತು.

ಪಕ್ಕದ ಗುಡಿಸಲಲ್ಲಿ ಮಗಳು, ಅಳಿಯ ಇದ್ದರು. ಅಳಿಯ ಕಾಲ್ತಾಕ್ ಮೆತ್ತಗಿನ ಮನುಷ್ಯ. ಆ ದ್ವೀಪದ ಕಟ್ಟಳೆಯಂತೆ ಅತ್ತೆ ಅಳಿಯ ಎದುರಾಬದುರು ಮಾತಾಡುವಂತಿಲ್ಲ, ಒಬ್ಬರ ಹೆಸರು ಒಬ್ಬರು ಹಿಡಿದು ಕರೆಯುವಂತಿಲ್ಲ, ಮುಟ್ಟುವ ಮಾತಂತೂ ದೂರವೇ ಉಳಿಯಿತು. ಅದರಲ್ಲೂ ತಲೆ ಮುಟ್ಟಿದರೆ ಊರ ಮುಂದೆ ಹಂದಿ ತಂದು ಒಪ್ಪಿಸಬೇಕು. ಹಾಗಂತ ಬಾಯಿ ಮುಚ್ಚಿಕೊಂಡಿರುವ ಹೆಂಗಸೇ ಲೇವಿಯಾ? ಅವಳೊಂದು ನಾಯಿ ಸಾಕಿ ಅದಕ್ಕೆ ರೇಡಿಯೋ ಎಂದು ಹೆಸರಿಟ್ಟಿದ್ದಳು.

"ರೇಡಿಯೋ, ಒಳಗೆ ಬಿದ್ಕೊಂಡಿರೋ ಮಹಾರಾಯರಿಗೆ ಹೇಳು, ಹೊತ್ತು ನೆತ್ತಿಗೆ ಬಂತು, ಗೆಣಸಿನ ತೋಟ ಕಾಯ್ತಾ ಇದೆ."

"ರೇಡಿಯೋ, ದೊಡ್ಡೋರಿಗೆ ಹೇಳು, ತೋಟಕ್ಕೆ ಹೋಗಿ ಬಂದೂ ಆಯ್ತು."

ರೇಡಿಯೋ ಕಿವಿ ಕೆರೆದುಕೊಳ್ಳುತ್ತಾ ಕೂತಿರುತ್ತಿತ್ತು. ಆದರೂ ಹತ್ತು ವರ್ಷದಲ್ಲಿ ಒಂದು ಬೈಗುಳವೂ ತಲುಪದೆ ಹೋಗಿರಲಿಲ್ಲ.

ಆ ತಿಂಗಳು ಔಷಧಿ ತರುವ ಹಡಗು ತಡವಾಯಿತು. ಮೂರ್ಛೆಯ ಮಾತ್ರೆ ಹತ್ತು ಉಳಿದಾಗಲೇ ಬಂದು ಹೇಳಬೇಕೆಂದು ನರ್ಸ್ ಎಚ್ಚರಿಸಿದ್ದಳು. ಆದರೆ ಆಸ್ಪತ್ರೆ ಗುಡ್ಡದ ಆಚೆ, ಎರಡು ಗಂಟೆಯ ದಾರಿ. ಹೋದರೂ ಬರಿಗೈಯಲ್ಲೇ ಬರಬೇಕೆಂದು ಲೇವಿಯಾ ತಾನೇ ತೀರ್ಮಾನಿಸಿಬಿಟ್ಟಳು. ಗೆಣಸು ಹೆಚ್ಚುವ ಚಾಕುವಿನಿಂದ ಒಂದೊಂದು ಮಾತ್ರೆಯನ್ನೂ ಎರಡು ಹೋಳು ಮಾಡಿದಳು. ನರ್ಸ್ ಕೇಳುವುದು ದಿನಗಳನ್ನು ತಾನೇ, ಮಾತ್ರೆ ಅರ್ಧವೋ ಇಡಿಯೋ ಯಾರು ನೋಡುತ್ತಾರೆ ಎಂದುಕೊಂಡಳು. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಳು ಕೂಡ.

ಎಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ನೀರು ಇಳಿದಿತ್ತು. ಅವಳು ದಡದಲ್ಲಿ ನಿಂತು ಬಂಡೆಗಳನ್ನು ಆಸೆಯಿಂದ ನೋಡುತ್ತಿದ್ದಳು. ಅದಷ್ಟೇ ಅವಳಿಗೆ ನೆನಪು.

ಕಣ್ಣು ಬಿಟ್ಟಾಗ ಒಂದು ಪಕ್ಕಕ್ಕೆ ಮಲಗಿದ್ದಳು. ನಾಲಿಗೆ ಕಚ್ಚಿಹೋಗಿ ಉರಿಯುತ್ತಿತ್ತು. ಕೆನ್ನೆಯ ಕೆಳಗೆ ಗಂಡಸಿನ ಅಂಗಿ ಮಡಚಿಟ್ಟಿತ್ತು. ಮರಳಲ್ಲಿ ದೋಣಿಯ ಹುಟ್ಟಿನಿಂದ ಗೀಚಿದ ಗುರುತುಗಳಿದ್ದವು, ಯಾರೋ ಅವಳನ್ನು ದೂರದಿಂದ ಹುಟ್ಟಿನಲ್ಲೇ ಹೊರಳಿಸಲು ಒದ್ದಾಡಿದ್ದಂತೆ. ಹುಟ್ಟು ಆಚೆಗೆ ಬಿದ್ದಿತ್ತು. ಅದರಾಚೆ ಕಾಲ್ತಾಕ್ ಬರಿಮೈಯಲ್ಲಿ, ಅವಳಿಗೆ ಬೆನ್ನು ಮಾಡಿ ಕೂತಿದ್ದ. ಸುತ್ತ ರೇಡಿಯೋ ಬಿಟ್ಟರೆ ಇನ್ನೊಂದು ನರಪಿಳ್ಳೆಯಿರಲಿಲ್ಲ.

ತಲೆ ತಾನಾಗಿ ಎದ್ದು ಅಂಗಿಯ ಮೇಲೆ ಮಲಗುವುದಿಲ್ಲ ಎಂಬುದು ಲೇವಿಯಾಳಿಗೆ ಆ ಮಂಪರಿನಲ್ಲೂ ಹೊಳೆಯಿತು. ಬೆನ್ನಿಗೇ ಇನ್ನೊಂದು ಉಪಾಯವೂ ಹೊಳೆಯಿತು.

"ರೇಡಿಯೋ" ಎಂದಳು ತೊದಲುತ್ತಾ. "ಇಲ್ಲಿ ಯಾರೂ ಬೀಳ್ಲಿಲ್ಲ. ಯಾರ ತಲೇನೂ ಯಾರೂ ಮುಟ್ಲಿಲ್ಲ. ಅವರ ಹಂದಿ ಹಟ್ಟೀಲೇ ಇರುತ್ತೆ, ನಾನು ಹನ್ನೊಂದು ದಿನಕ್ಕೆ ನೀರಿಗಿಳೀತೀನಿ. ಒಪ್ಪಿಗೆನಾ ಕೇಳು."

ಕಾಲ್ತಾಕ್ ತಿರುಗಿ ನೋಡಲಿಲ್ಲ. "ರೇಡಿಯೋ, ತುಟಿ ನೀಲಿಯಾಗಿತ್ತು ಅಂತ ಹೇಳು."

"ನೀಲಿ ನಂಗೆ ಒಪ್ಪುತ್ತೆ ಅಂತ ಹೇಳು."

ಅವನು ಹುಟ್ಟು ಎತ್ತಿಕೊಂಡು ಹೋದ. ಲೇವಿಯಾಳಿಗೆ ಚಿಂತೆಯಿರಲಿಲ್ಲ. ಕಾಲ್ತಾಕನ ಹಂದಿಯ ಕೋರೆ ಇನ್ನೊಂದು ವರ್ಷಕ್ಕೆ ಪೂರ್ತಿ ಬಳೆಯಂತೆ ಸುತ್ತಿಕೊಳ್ಳುವುದಿತ್ತು, ಅಂಥ ಹಂದಿಗೇ ದ್ವೀಪದಲ್ಲಿ ಹೆಚ್ಚು ಬೆಲೆ. ಹೆಂಡತಿಗಿಂತ ಹೆಚ್ಚು ಮುದ್ದು ಮಾಡಿ ಸಾಕಿದ ಹಂದಿಯನ್ನು ಯಾರಾದರೂ ಬಾಯ್ಬಿಟ್ಟು ಕಳೆದುಕೊಳ್ಳುತ್ತಾರೆಯೇ? ಅವಳು ನಿಶ್ಚಿಂತೆಯಿಂದ ಹೋಗಿ ಮಲಗಿದಳು.

ಬೆಳಿಗ್ಗೆ ಆಲದ ಮರದಡಿ ಶಂಖ ಮೊಳಗಿತು. ಊರ ಯಜಮಾನನ ಮುಂದೆ ಊರೆಲ್ಲ ಸೇರಿತ್ತು. ಕಾಲ್ತಾಕ್ ಹಂದಿಗೆ ಹಗ್ಗ ಕಟ್ಟಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ನರ್ಸ್ ಜೋಸ್ಲಿನ್. ನಿನ್ನೆ ಸಂಜೆಯೇ ಗುಡ್ಡ ಹತ್ತಿ ಹೋಗಿ ಕರೆದು ತಂದಿದ್ದನಂತೆ, ಕಳ್ಳ!

"ಯಜಮಾನ್ರೇ, ನಾನು ಅವರ ತಲೆ ಮುಟ್ಟಿದೀನಿ" ಎಂದ ಅವನು. "ನಿನ್ನೆ ಮಧ್ಯಾಹ್ನ ಅವರು ಬಿದ್ದಿದ್ರು."

"ಸುಳ್ಳು!" ಲೇವಿಯಾ ಕೂಗಿದಳು. "ರೇಡಿಯೋ, ಹೇಳೇ, ಕನಸು ಕಂಡಿದಾರೆ ಅಂತ ಹೇಳು!"

ಯಜಮಾನ ಹಂದಿಯ ಕೋರೆಯನ್ನು ಬೆರಳಲ್ಲಿ ಸವರಿದ. "ಕನಸಿಗೆ ಇಂಥಾ ಹಂದಿ ಯಾರೂ ಕೊಡಲ್ಲ ಕಣಮ್ಮ."

ನರ್ಸ್ ಅಷ್ಟರಲ್ಲೇ ಲೇವಿಯಾಳ ಗುಡಿಸಲು ಹೊಕ್ಕು, ಅರ್ಧ ಹೋಳುಗಳ ಡಬ್ಬಿ ಹಿಡಿದು ಬಂದಳು. "ಇದೇನ್ ತಾಯಿ? ಹಡಗು ತಡ ಆಗುತ್ತೆ ಅಂತಾನೇ ನಿನ್ನ ಹೆಸರಲ್ಲಿ ಒಂದು ಡಬ್ಬಿ ಎತ್ತಿಟ್ಟಿದ್ದೆ. ಬಂದು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಅರ್ಧ ಮಾತ್ರೆ ಅಂದ್ರೆ ಅರ್ಧ ಔಷಧಿ. ಇವತ್ತಿಂದ ಮತ್ತೆ ಒಂದು, ಎರಡು ಅಂತ ಶುರು ಮಾಡು."

ಜನ ಕಿಸಕ್ಕನೆ ನಕ್ಕರು. ಲೇವಿಯಾಳ ಮೈ ಉರಿದುಹೋಯಿತು. ಎಪ್ಪತ್ತೊಂಬತ್ತು ದಿನ ನೀರುಪಾಲಾಗಿತ್ತು, ಅದೂ ತನ್ನ ಮನೆಯವನಿಂದಲೇ. ಅವಳು ಎದ್ದು ಹೊರಡುವಷ್ಟರಲ್ಲಿ ಕಾಲ್ತಾಕ್ ಮತ್ತೆ ಬಾಯಿ ತೆರೆದ.

"ಹಂದಿ ನಿನ್ನೇದಕ್ಕಷ್ಟೇ ಅಲ್ಲ ಯಜಮಾನ್ರೇ. ಮುಂದೇನಾದ್ರೂ ಬಿದ್ರೆ ಮುಟ್ಟೋಕೆ ಅಪ್ಪಣೆ ಬೇಕು. ನಿನ್ನೆ ನಾನು ಹುಟ್ಟು ಹಿಡ್ಕೊಂಡು ಯೋಚ್ನೆ ಮಾಡ್ತಾ ನಿಂತಿದ್ದೆ. ಅಷ್ಟು ಹೊತ್ತೂ ಅವರ ಮುಖ ಒದ್ದೆ ಮರಳಲ್ಲಿತ್ತು." ಅವನು ಹಂದಿಯ ಹಗ್ಗವನ್ನು ಯಜಮಾನನತ್ತ ಚಾಚಿದ. "ನೀರಲ್ಲಾಗಿದ್ರೆ ಅಷ್ಟೊತ್ತಿಗೆ ಮುಗಿದೇಹೋಗ್ತಿತ್ತು."

ಯಾರೂ ನಗಲಿಲ್ಲ. ಲೇವಿಯಾಳಿಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ. ಹೊರಡಲು ಎದ್ದವಳು ಮತ್ತೆ ಕೂತಳು.

ಯಜಮಾನ ಹಗ್ಗ ತೆಗೆದುಕೊಂಡು ತೀರ್ಪು ಹೇಳಿದ. ಇನ್ನು ಮೇಲೆ ಅವನು ಮುಟ್ಟಬಹುದು, ಇಬ್ಬರೂ ಮಾತಾಡಬಹುದು, ತೊಂಬತ್ತು ದಿನ ತುಂಬಿದ ಮೇಲೆ ನೀರಿಗೆ ಜೊತೆ ಹೋಗುವವನೂ ಅವನೇ. "ಏನಮ್ಮ, ನಿನ್ನ ಮಾತೇನಿದೆ?" ಎಂದು ಕೇಳಿದ.

ಲೇವಿಯಾ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದಳು. ರೇಡಿಯೋ ಇರಲಿಲ್ಲ. ಊಟದ ವಾಸನೆ ಹಿಡಿದು ಅದು ಆಗಲೇ ಹಂದಿಯ ಹಿಂದೆ ಬಾಲ ಅಲ್ಲಾಡಿಸುತ್ತಾ ಹೊರಟುಬಿಟ್ಟಿತ್ತು. ಊರೆಲ್ಲ ಅವಳ ಬಾಯನ್ನೇ ನೋಡುತ್ತಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ಅವಳು ಅಳಿಯನ ಮುಖ ನೋಡಿದಳು. ಮೀಸೆ ನರೆಯಲು ಶುರುವಾಗಿತ್ತು.

"ಕಾಲ್ತಾಕ್" ಎಂದಳು. ಹೆಸರು ಬಾಯಿಗೆ ಹೊಸದಾಗಿತ್ತು. "ಮುಂದಿನ ಸಲ ಕಿವಿಗೆ ಮರಳು ಹೋಗ್ದಂಗೆ ಹಿಡ್ಕೋ. ಇನ್ನೂ ಕರಕರ ಅಂತಿದೆ."

ಅವನೂ ಒಮ್ಮೆ ನಾಯಿಗಾಗಿ ಅತ್ತಿತ್ತ ಹುಡುಕಿದ.

"ಆಗ್ಲಿ ಅತ್ತೆ" ಎಂದ.