ಹೊರಗಿನ ಜೇಬು

“ಜೇಬು ಯಾಕೇ ಇದಕ್ಕೆ? ಕದ್ದಿದ್ದು ತುಂಬ್ಕೊಳ್ಳೋಕಾ?”

ಹೊಲಿಗೆ ಘಟಕದ ಒಡತಿ ಶಾಂತಲಾ ಎಸೆದ ಏಪ್ರನ್ ರಾಧಾಮಣಿಯ ಮುಖಕ್ಕೆ ಬಡಿದು ಹೊಲಿಗೆ ಯಂತ್ರದ ಮೇಲೆ ಬಿತ್ತು. ಮಾದರಿಗೆಂದು ರಾಧಾಮಣಿಯೇ ಗೀಚಿ, ಕತ್ತರಿಸಿ, ಹೊಲಿದ ಕಂದು ಏಪ್ರನ್ ಅದು. ಸಹಕಾರನಗರದ ಆಚೆ ಎದ್ದಿರುವ ಹೊಸ ಅಪಾರ್ಟ್‌ಮೆಂಟಿನ ಮನೆಗೆಲಸದ ಹೆಂಗಸರೆಲ್ಲ ಇನ್ನು ಮುಂದೆ ಇದನ್ನೇ ತೊಡಬೇಕಂತೆ. ಯಾರು ಮನೆಯವರು, ಯಾರು ಕೆಲಸದವರು ಎಂದು ದೂರದಿಂದಲೇ ಗೊತ್ತಾಗಬೇಕಂತೆ.

“ಅಸೋಸಿಯೇಷನ್‌ನೋರು ಮೊದ್ಲೇ ಹೇಳಿದಾರೆ, ಪಾಕೆಟ್ ಇರಬಾರದು ಅಂತ. ಅಷ್ಟೂ ಅರ್ಥ ಆಗಲ್ವಾ ನಿಂಗೆ?”

“ಅಲ್ಲಕ್ಕಾ, ನಮ್ಮವ್ವ ಅಲ್ಲೇ ಕೆಲ್ಸ ಮಾಡೋದು. ಬ್ಯಾಗು ಗೇಟ್ನಾಗೇ ಇಸ್ಕೊಂತಾರೆ. ಉಬ್ಬಸದ ಪಫ್ ಇಟ್ಕೊಳ್ಳಾಕಾದ್ರೂ ಒಂದು...”

“ಕೈಯಲ್ಲಿ ಇಟ್ಕೊಳ್ಳಲಿ.”

ಒಂದು ಕೈಯಲ್ಲಿ ಪಫ್ ಹಿಡಿದು ಇನ್ನೊಂದರಲ್ಲಿ ನೆಲ ಒರೆಸುವುದು ಹೇಗೆಂದು ಶಾಂತಲಾ ಹೇಳಲಿಲ್ಲ. ನೆಲ ಒರೆಸಿ ಗೊತ್ತಿದ್ದರಲ್ಲವೇ ಹೇಳುವುದು! ಪಕ್ಕದ ಮೇಜಿನ ಮೇಲೆ ಕಾಫಿ ಅಂಗಡಿಯೊಂದಕ್ಕೆ ಹೋಗಲಿದ್ದ ಏಪ್ರನ್‌ಗಳಿದ್ದವು. ಕೆಂಪು ಚೌಕಳಿ ಬಟ್ಟೆ, ಪೆನ್ನಿಗೊಂದು ಜೇಬು, ಫೋನಿಗೊಂದು ಜೇಬು, ‘ಪ್ರೀತಿಯಿಂದ ಕೈಯಾರೆ ಹೊಲಿದದ್ದು’ ಎಂಬ ಪಟ್ಟಿ ಬೇರೆ. ಆ ಜೇಬುಗಳನ್ನು ಯೋಚಿಸಿದವಳೂ ರಾಧಾಮಣಿಯೇ. ಆಗ ಶಾಂತಲಾ “ಸೂಪರ್ ಕಣೇ” ಎಂದಿದ್ದಳು.

ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ ಶಾಂತಲಾಳ ಅಪ್ಪ ಮುನಿಕೃಷ್ಣಪ್ಪ ನಕ್ಕ. ಆ ಅಪಾರ್ಟ್‌ಮೆಂಟ್ ಎದ್ದದ್ದು ಅವನ ದ್ರಾಕ್ಷಿ ತೋಟದಲ್ಲೇ.

“ಜೇಬಂತೆ ಜೇಬು! ಇವ್ಳವ್ವ ಕಿಷ್ಣಿ ನಮ್ ತ್ವಾಟದಾಗೆ ದ್ರಾಕ್ಷಿ ಕೀಳೋಳು. ಸಂಜೆ ಗೇಟ್ತಾವ ಮಡ್ಲು ಕೊಡವಿ ತೋರ್ಸೇ ಓಗ್ಬೇಕಾಗಿತ್ತು. ಈಗ ಮಗ್ಳಿಗೆ ಜೇಬು ಬೇಕಾಗೈತೆ, ಲೌಡಿಗೆ.”

ಅದು ಸುಳ್ಳಲ್ಲ. ಕೇರಿಯ ಹೆಂಗಸರ ಮಡಿಲನ್ನು ಗೌಡರು ಮುಟ್ಟಿ ನೋಡುವಂತಿರಲಿಲ್ಲ, ಮೈಲಿಗೆ. ಅದಕ್ಕೇ ಸಾಲಾಗಿ ನಿಲ್ಲಿಸಿ ಕೊಡವಿಸುತ್ತಿದ್ದರು. ಅವ್ವನ ಪಕ್ಕ ನಿಂತು ಪುಟ್ಟ ರಾಧಾಮಣಿಯೂ ಲಂಗ ಕೊಡವಿದ್ದಳು. ನೆನೆದರೆ ಈಗಲೂ ಅವಳ ಮೈಯೆಲ್ಲ ಉರಿಯುತ್ತದೆ.

ಸಂಜೆ ಮನೆಗೆ ಬಂದರೆ ಅವ್ವ ಕೃಷ್ಣಮ್ಮ ಗೋಡೆಗೊರಗಿ ಕೂತಿದ್ದಳು. ಎದೆ ಗೊರಗೊರ ಎನ್ನುತ್ತಿತ್ತು.

“ಮ್ಯಾಗಳ ಮಾಡೀನಾಗೆ ಉಸ್ರು ಕಟ್ಕೊಂಬುಡ್ತು ಕಣವ್ವಾ. ಪಫ್ ನೋಡಿದ್ರೆ ಗೇಟ್ತಾವ ಬ್ಯಾಗ್ನಾಗೆ. ಸೋಫಾ ಇಡ್ಕೊಂಡೆ. ಆಯಮ್ಮ ‘ಸೋಫಾ ಮುಟ್ಬೇಡ, ಆಚೆ ಹೋಗಿ ಕೂತ್ಕೊ’ ಅಂದ್ಳು. ಮೆಟ್ಲ ಮ್ಯಾಲೆ ಕುಂತೆ. ವಾಚ್ಮನ್ನು ತಂದ್ಕೊಡೋ ಒತ್ಗೆ ಕಣ್ಣು ಕತ್ಲಾಗೋಗಿತ್ತು.”

ಅಷ್ಟು ಹೇಳಿ, ಮಗಳ ಮುಖ ನೋಡಿ ಹೆದರಿ, “ನೀನೇನೂ ಬಾಯ್ ಬಿಡ್ಬೇಡ. ಇರೋ ಕೆಲ್ಸ ಕಳ್ಕೊಬೇಡ,” ಎಂದಳು.

ರಾಧಾಮಣಿ ಬಾಯಿ ಬಿಡಲಿಲ್ಲ. ಕಿಟಕಿಯಲ್ಲಿದ್ದ ಖಾಲಿ ಪಫ್ ಒಂದನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಜೇಬಿನ ಅಳತೆಗೆ ಬೇಕಿತ್ತು.

ಕಂದು ಏಪ್ರನ್‌ಗಳೆಲ್ಲ ಹೊಲಿದು ಮುಗಿದ ದಿನ ಶಾಂತಲಾ ಯಾವುದೋ ಮದುವೆಗೆಂದು ಹೊರಟಳು. ಮುನಿಕೃಷ್ಣಪ್ಪ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ರಾಧಾಮಣಿ ಉಳಿದಿದ್ದ ಕೆಂಪು ಚೌಕಳಿ ತುಂಡುಗಳನ್ನು ಹರವಿ, ಪಫ್ ಇಟ್ಟು ಗುರುತು ಹಾಕತೊಡಗಿದಳು. ಪಕ್ಕದ ಯಂತ್ರದಲ್ಲಿ ಕೂರುವ ಆರ್.ಟಿ. ನಗರದ ಜಬೀನ್ ದಂಗಾದಳು.

“ಹುಚ್ಚಾ ನಿಂಗೆ? ಹಾಕೋದಾದ್ರೆ ಒಳಗಡೆ ಹಾಕು. ಕಂದು ಬಟ್ಟೇದೇ ಹಾಕು. ಯಾರಿಗೂ ಗೊತ್ತಾಗಲ್ಲ.”

“ಒಳಗಾಕಿದ್ರೆ ಕಳ್ರು ಅಂತ ನಾವೇ ಒಪ್ಕೊಂಡಂಗೆ ಕಣೇ. ಈಚ್ಗಡೇನೇ ಇರ್ಲಿ. ಕೆಂಪ್ಗೇ ಇರ್ಲಿ. ಕಣ್ಣು ಕುಕ್ಲಿ ಬೇವರ್ಸಿಗಳಿಗೆ.”

ಜಬೀನ್ ಗೊರಕೆ ಹೊಡೆಯುತ್ತಿದ್ದ ಮುದುಕನತ್ತ ನೋಡಿದಳು. ಅವಳಿಗೂ ಮನೆ, ಮಕ್ಕಳು ಎಲ್ಲ ಇದ್ದರು. ಆಮೇಲೆ ಕತ್ತರಿ ಎತ್ತಿಕೊಂಡು, “ಮೂಲೆ ಎರಡೆರಡು ಸಲ ಹೊಲಿ. ಕಿತ್ತರೂ ಬರಬಾರದು,” ಎಂದಳು. ಸಂಜೆ ಟೆಂಪೋ ಬಂದು ಕೆಂಪು ಜೇಬಿನ ಏಪ್ರನ್‌ಗಳ ಮೂಟೆಗಳನ್ನು ಹೇರಿಕೊಂಡು ಹೋಯಿತು.

ಮರುದಿನ ಶಾಂತಲಾ ಫೋನ್ ಹಿಡಿದುಕೊಂಡೇ ಒಳಗೆ ನುಗ್ಗಿದಳು.

“ಯಾರನ್ನ ಕೇಳಿ ಹಾಕ್ದೆ ಜೇಬು? ಏಪ್ರನ್ ವಾಪಸ್ ಕೊಡಿ ಅಂದ್ರೆ ಬಿಚ್ಚಲ್ಲ ಅಂತಿದಾರಂತೆ ಆ ಕೆಲಸದವರೆಲ್ಲ! ಗೇಟಲ್ಲೇ ನಿಂತ್ಕೊಂಡಿದಾರಂತೆ, ಬಿಚ್ಚಲ್ವಂತೆ! ಥೂ, ನನ್ನ ಹೆಸರು ಮಣ್ಣುಪಾಲು ಮಾಡಿದೆ. ಎದ್ದು ನಡಿ. ಇನ್ನು ಈ ಕಡೆ ತಲೆ ಹಾಕಬೇಡ.”

ಕೆಲಸ ಹೋಯಿತು. ಆದರೆ ಅಲ್ಲಿ ಅವ್ವನೂ ನಿಂತಿದ್ದಾಳೆ, ಬಾಯಿ ಬಿಡಬೇಡ ಎಂದ ಅವ್ವ! ರಾಧಾಮಣಿಗೆ ಹೆದರಿಕೆಯೂ ಆಯಿತು, ಎದೆಯೂ ಉಬ್ಬಿತು. ಮೂಲೆಯಲ್ಲಿ ಬಿದ್ದಿದ್ದ ಆ ಮಾದರಿ ಏಪ್ರನ್ ತೊಟ್ಟು, ಖಾಲಿ ಪಫ್ ಅದರ ಜೇಬಿಗೆ ಹಾಕಿಕೊಂಡು ಹೊರಟಳು.

ಬಾಗಿಲಲ್ಲಿ ಮುನಿಕೃಷ್ಣಪ್ಪ ಎದ್ದು ಕೋಲು ಅಡ್ಡ ಹಿಡಿದ.

“ಏನೇ ಅದು ಜೇಬ್ನಾಗೆ ಉಬ್ಕೊಂಡಿರೋದು? ಏನ್ ಎತ್ಕೊಂಡೆ? ಕೊಡವಿ ಓಗೇ.”

“ಕೊಡವಲ್ಲ.”

“ಏನಂದೆ?”

“ಕೊಡವಲ್ಲ ಗೌಡ್ರೇ. ನಮ್ಮವ್ವ ಕೊಡವಿದ್ದೇ ಸಾಕು. ಬೇಕಾದ್ರೆ ನೀವೇ ಕೈ ಆಕಿ ನೋಡ್ಕೊಳ್ಳಿ.”

ಎರಡು ಬೆರಳಿನಲ್ಲಿ ಜೇಬಿನ ಬಾಯಿ ಅಗಲಿಸಿ ಹಿಡಿದಳು. ಒಳಗೆ ಯಂತ್ರಗಳ ಸದ್ದು ನಿಂತಿತು. ಮುದುಕನ ಕೈ ಮುಂದಕ್ಕೆ ಬಂತು. ಜೇಬಿನ ಹತ್ತಿರ ಬಂದು ಅಲ್ಲೇ ನಿಂತಿತು. ಅವನು ಮಗಳತ್ತ ನೋಡಿದ. ಶಾಂತಲಾ ಫೋನಿನತ್ತ ನೋಡಿದಳು.

“ಕೈ ಆಕಿ ಗೌಡ್ರೇ,” ಎಂದಳು ರಾಧಾಮಣಿ.

ಆ ಕೈ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅವಳು ಜೇಬು ಅಗಲಿಸಿ ಹಿಡಿದೇ ನಿಂತಳು.