ಮೂರು ಸಲ ಹೊಗಳಿದ ಚಾಪೆ

ತಪ್ಪು ನನ್ನದೇ. ಮಗಳ ಮದುವೆಗೆಂದು ಏಳು ತಿಂಗಳು ಕೂತು ಹೆಣೆದ ಚಾಪೆಯನ್ನು ಸುತ್ತಿ ಮೂಲೆಗಿಡುವುದು ಬಿಟ್ಟು, ಪರದೇಶದವರು ಮನೆಗೆ ಬರುತ್ತಾರೆಂದು ಕೇಳಿದ ಕೂಡಲೇ ನಡುಮನೆಯಲ್ಲಿ ಹರಡಿದವಳು ನಾನು. ಫಿಜಿಯ ಕಡಾವು ದ್ವೀಪದಲ್ಲಿ ಈ ತಾರೈವಿನಿಯ ಕೈಯಂಥ ಕೈ ಇನ್ನೊಂದಿಲ್ಲ ಎಂದು ಜನ ಹೇಳುತ್ತಾರೆ. ಹೇಳದಿದ್ದರೆ ನಾನೇ ಹೇಳಿಸುತ್ತೇನೆ.

"ಅತ್ತಿಗೆ, ಅದನ್ನ ಸುತ್ತಿಡು. ಬೀದೀಲಿ ಹೋಗೋ ಮಾರೀನ ಮನೆಗೆ ಕರೀಬೇಡ," ಎಂದಳು ನಾದಿನಿ ಅರಿಯೇತಾ.

"ನೋಡ್ಕೊಂಡ್ ಹೋಗ್ಲಿ ಬಿಡೇ. ನೋಡಿದ್ರೆ ಸವೆದು ಹೋಗುತ್ತಾ?" ಎಂದೆ.

ಬೆಳಗ್ಗೆ ಲಂಗರು ಹಾಕಿದ ಬಿಳಿ ಹಾಯಿದೋಣಿಯಿಂದ ಇಳಿದು ಬಂದವರು ಇಬ್ಬರೇ. ಡೆನ್ಮಾರ್ಕಿನ ಪ್ರೆಬೆನ್, ಅವನ ಹೆಂಡತಿ ಕಿರ್ಸ್ಟನ್. ಇಬ್ಬರದೂ ಅರವತ್ತು ದಾಟಿದ ವಯಸ್ಸು. ಯಾರೋ ಸರಿಯಾಗಿ ಹೇಳಿಕೊಟ್ಟು ಕಳಿಸಿದ್ದರು: ತಲೆಯ ಮೇಲೆ ಟೋಪಿಯಿಲ್ಲ, ಸೊಂಟಕ್ಕೆ ಪಂಚೆ, ಕೈಯಲ್ಲಿ ಕಾವಾ ಬೇರಿನ ಕಟ್ಟು. ನನ್ನ ಗಂಡ ಪೌಲಿಯಾಸಿ ಊರಿಗೆ ಯಜಮಾನರು. ಕಟ್ಟನ್ನು ಮುಟ್ಟಿ, ಅಂಗೈ ತಟ್ಟಿ, "ಇವತ್ತಿಂದ ನೀವು ಈ ಊರಿನ ಮಕ್ಳು. ದಡಾನೂ ನಿಮ್ಮದು, ನೀರೂ ನಿಮ್ಮದು," ಎಂದರು. ಬೇರು ಕುಟ್ಟಿ ನೀರಲ್ಲಿ ಕಲಸಿದ ಕಹಿ ಕಾವಾ ತೆಂಗಿನ ಚಿಪ್ಪಿನಲ್ಲಿ ಸುತ್ತು ಬಂತು. ಕಿರ್ಸ್ಟನ್ ಮುಖ ಕಿವುಚದೆ ಒಂದೇ ಗುಟುಕಿಗೆ ಕುಡಿದಳು. ಅಲ್ಲಿಯವರೆಗೆ ಅವಳು ನನಗೆ ಇಷ್ಟವೇ ಆಗಿದ್ದಳು.

ಆಮೇಲೆ ಚಾಪೆಯ ಅಂಚಿನ ಕೆಂಪು ಉಣ್ಣೆಯ ಕುಚ್ಚು ಮುಟ್ಟಿದಳು. "ಎಷ್ಟು ಚೆನ್ನಾಗಿದೆ," ಎಂದಳು. ಒಂದು ಸಲಕ್ಕೆ ನಮ್ಮಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಾನು ಉಬ್ಬಿಹೋದೆ.

"ಇಂಥದ್ದು ನಾನು ಎಲ್ಲೂ ನೋಡಿಲ್ಲ," ಎಂದಳು. ಅರಿಯೇತಾ ನನ್ನ ತೊಡೆ ಚಿವುಟಿದಳು.

"ನಮ್ಮ ದೋಣೀಲೂ ಇಂಥದ್ದೊಂದು ಇದ್ದಿದ್ರೆ," ಎಂದಳು ಮೂರನೆಯ ಸಲ.

ಮನೆ ತುಂಬ ಇದ್ದ ಜನ ನನ್ನನ್ನೇ ನೋಡಿದರು. ಬಂದವರು ಮೂರು ಸಲ ಹೊಗಳಿದ್ದನ್ನು ಮನೆಯಲ್ಲಿಟ್ಟುಕೊಂಡರೆ ಮಾನ ಉಳಿಯುತ್ತದೆಯೇ? ಚಾಪೆ ಸುತ್ತಿ ಅವಳ ತೋಳಿಗೆ ಕೊಟ್ಟೆ. ಅವಳು ಬೇಡ ಬೇಡ ಎಂದಷ್ಟೂ ನಾನು ಹಲ್ಲು ಕಿರಿದು ಒತ್ತಾಯ ಮಾಡಿದೆ.

ಮದುವೆಗೆ ಉಳಿದದ್ದು ಮೂರೇ ದಿನ. ಚಾಪೆಗಳನ್ನು ಒಂದರ ಮೇಲೊಂದು ಪೇರಿಸಿ, ಎಲ್ಲಕ್ಕಿಂತ ಮೇಲೆ ತಾಯಿ ಹೆಣೆದದ್ದನ್ನು ಹಾಸಿ ಮದುಮಗಳನ್ನು ಕೂರಿಸಬೇಕು. ಬೀಗರ ಕಡೆಯ ಹೆಂಗಸರು ಮೊದಲು ನೋಡುವುದೇ ಅದನ್ನು. ಮಗಳು ಮೆರೆಸಿಯಾನಾ ನನಗೆ ಬೆನ್ನು ಹಾಕಿ ಗೆಣಸು ಸುಲಿಯುತ್ತ ಕೂತಳು. ಅವಳು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ಹೋಗಿ ಕೇಳ್ಬಾರ್ದಾ?" ಎಂದರು ಗಂಡ. "ನಮ್ಮ ಚಿಪ್ಪಲ್ಲಿ ಕುಡಿದಿದ್ದಾರೆ, ನಮ್ಮೋರೇ ಆದ್ರು. ನಮ್ಮೋರ ಹತ್ರ ಕೇಳೋಕೇನು?"

"ರೀ, ಹುಟ್ಟಿದಾಗಿಂದ ಯಾರ ಮುಂದೂ ಕೈ ಚಾಚಿದೋಳಲ್ಲ ನಾನು."

"ಅದೇ ಅತ್ತಿಗೆ ನಿನ್ ರೋಗ," ಎಂದಳು ಅರಿಯೇತಾ. "ಕೊಡೋವಾಗ ಮಹಾರಾಣಿ, ಕೇಳೋವಾಗ ಬಾಯಿಗೆ ಬೀಗ. ಅಳ್ದೇ ಇದ್ರೆ ಹೆತ್ತಮ್ಮನೂ ಹಾಲು ಕೊಡಲ್ಲ."

ಮಾತು ನಿಜವೇ. ನಮ್ಮೂರಲ್ಲಿ ಉಪ್ಪು, ಕೊಡಲಿ, ಅಂಗಿ, ದೋಣಿ ಎಲ್ಲವನ್ನೂ ಬೇಕಾದವರು ಕೇಳುತ್ತಾರೆ, ಇದ್ದವರು ಕೊಡುತ್ತಾರೆ. ಕೇಳಿದವರಿಗೆ ನಾಚಿಕೆಯಿಲ್ಲ, ಕೊಟ್ಟವರಿಗೆ ಜಂಬವಿಲ್ಲ. ಜಂಬ ಇದ್ದದ್ದು ನನ್ನೊಬ್ಬಳಿಗೆ.

ಮರುದಿನ ಬೆಳಗ್ಗೆ ಅರಿಯೇತಾ ಹುಟ್ಟು ಹಾಕಿದಳು, ನಾನು ಗಂಟುಮುಖ ಹಾಕಿಕೊಂಡು ಕೂತೆ. ಹಾಯಿದೋಣಿಯ ಮೇಲೆ ಕಿರ್ಸ್ಟನ್ ಸಮುದ್ರದ ನೀರಲ್ಲಿ ತಟ್ಟೆ ತೊಳೆಯುತ್ತಿದ್ದಳು. ತುಟಿ ಒಡೆದಿತ್ತು. ನಮಗಿಬ್ಬರಿಗೆ ಅರ್ಧರ್ಧ ಲೋಟ ಚಹಾ ಕೊಟ್ಟಳು, ಅವಳೂ ಗಂಡನೂ ಕುಡಿಯಲಿಲ್ಲ. ಪಕ್ಕದಲ್ಲಿ ನೀರಿನ ಕ್ಯಾನುಗಳು ಸಾಲಾಗಿ ಖಾಲಿ ಬಿದ್ದಿದ್ದವು.

"ನೀರಿಲ್ವಾ?" ಎಂದೆ.

"ಟ್ಯಾಂಕು ಸೋರಿಹೋಯ್ತು. ಐದು ದಿನ ಆಯ್ತು. ಇನ್ನೊಂದು ಕ್ಯಾನ್ ಉಳಿದಿದೆ."

"ನಿನ್ನೆ ನಮ್ಮನೆ ಬಾಗಿಲಲ್ಲೇ ನಲ್ಲಿ ಸುರೀತಿತ್ತಲ್ಲ. ಕೇಳೋಕೇನಾಗಿತ್ತು?"

"ಅಷ್ಟು ದೊಡ್ಡ ಚಾಪೆ ಕೊಟ್ರಿ. ಅದರ ಮೇಲೆ ನೀರನ್ನೂ ಹೇಗೆ ಕೇಳೋದು? ನಾನು ಯಾರ ಹತ್ರಾನೂ ಏನೂ ಕೇಳಿದೋಳಲ್ಲ."

ಅರಿಯೇತಾ ದೋಣಿ ಅಲ್ಲಾಡುವಂತೆ ನಕ್ಕಳು. "ಅತ್ತಿಗೆ, ಕಳೆದುಹೋಗಿದ್ದ ನಿನ್ ಅಕ್ಕ ಸಿಕ್ಕಿದ್ಲು ನೋಡು."

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ. "ಬೇಡದ ಚಾಪೆ ನೀನು ಹೊತ್ಕೊಂಡ್ ಬಂದೆ, ಬೇಕಾದ ನೀರು ಕೇಳ್ಲಿಲ್ಲ. ಈಗ ನಾನು ಕೇಳ್ತೀನಿ, ನೋಡಿ ಕಲಿ. ಆ ಚಾಪೆ ನನಗೆ ಕೊಡು. ಶನಿವಾರ ನನ್ನ ಮಗಳು ಅದರ ಮೇಲೆ ಕೂರಬೇಕು."

ಕೇಳಿಯೇಬಿಟ್ಟೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಕಿರ್ಸ್ಟನ್ ಕೆಂಪಾಗಿ, ಕೆಳಗಿಳಿದು ಓಡಿ ಚಾಪೆ ತಂದಳು. ಅದನ್ನು ಬಿಚ್ಚದೆ, ಒಗೆದ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು.

"ಮದುವೆ ಚಾಪೆ ಅಂತ ನಿನ್ನೇನೇ ಯಾಕೆ ಹೇಳ್ಲಿಲ್ಲ?"

"ನೀನು ನೀರು ಕೇಳ್ಲಿಲ್ವಲ್ಲ, ಹಾಗೇ. ಈಗ ನೀನು ಕೇಳು."

"ನಿಮಗೆ ತೊಂದ್ರೆ ಆಗಲ್ಲ ಅಂದ್ರೆ, ಸ್ವಲ್ಪ ನೀರು..."

"ಅದು ಕೇಳೋದಲ್ಲ, ತಿಣುಕೋದು. ಇನ್ನೊಂದ್ಸಲ."

ಅವಳು ಗಂಡನ ಮುಖ ನೋಡಿದಳು. "ನೀರು ಕೊಡು," ಎಂದಳು. ಮಧ್ಯಾಹ್ನದೊಳಗೆ ಎಲ್ಲ ಕ್ಯಾನೂ ತುಂಬಿದವು.

ಶನಿವಾರ ಮೆರೆಸಿಯಾನಾ ನನ್ನ ಚಾಪೆಯ ಮೇಲೆ ಕೂತು ನನ್ನನ್ನು ನೋಡಿ ನಕ್ಕಳು. ಬೀಗಿತ್ತಿ ಕುಚ್ಚು ಮುಟ್ಟಿ ಒಂದು ಸಲ ಹೊಗಳಿದಳು, ಮತ್ತೊಂದು ಸಲ ಹೊಗಳಿದಳು. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅರಿಯೇತಾಳಿಂದ ಮೂರರ ಲೆಕ್ಕ ಕಲಿತು ಪಕ್ಕದಲ್ಲೇ ಕೂತಿದ್ದ ಕಿರ್ಸ್ಟನ್ ಆ ಬಾಯಿಗೆ ಒಂದು ದೊಡ್ಡ ಕೆಸುವಿನ ಗೆಡ್ಡೆಯ ತುಂಡು ತುರುಕಿದಳು. ಪೌಲಿಯಾಸಿ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು.

ಸೋಮವಾರ ಹೊರಡುವ ಮುಂಚೆ ಕಿರ್ಸ್ಟನ್ ನನ್ನ ಬಾಗಿಲಿಗೆ ಬಂದು ನಿಂತಳು. ಹೊಗಳಲಿಲ್ಲ, ನೆಪ ಹೇಳಲಿಲ್ಲ. "ತಾರೈವಿನಿ, ಆ ಬೀಸಣಿಗೆ ನನಗೆ ಕೊಡು," ಎಂದಳು.

ನನ್ನಮ್ಮ ಹೆಣೆದದ್ದು, ಹಿಡಿ ಸವೆದದ್ದು. ಕೊಟ್ಟೆ. ಚಾಪೆ ಕೊಟ್ಟಾಗ ಬರೀ ಹಲ್ಲು ನಕ್ಕಿತ್ತು, ಈಗ ಸಂತೋಷಕ್ಕೆ ಕಣ್ಣು ತುಂಬಿ ಬಂತು. ದೋಣಿ ಹವಳದ ದಂಡೆ ದಾಟುವವರೆಗೂ ಅವಳು ಅದನ್ನು ಎತ್ತಿ ಬೀಸುತ್ತಲೇ ಇದ್ದಳು.

ನಿನ್ನೆಯಿಂದ ಹೊಸ ಚಾಪೆ ಹಿಡಿದಿದ್ದೇನೆ. ಅವಳಿಗೇ. ಆದರೆ ಕಳಿಸಿಕೊಡುವುದಿಲ್ಲ, ಬಂದು ಕೇಳಲಿ.