ಪಂಪಿನ ಲೈನು

ದಮಯಂತಿಗೆ ತಮ್ಮ ಯಾದವನ ಮೇಲೆ ಎಷ್ಟು ನಂಬಿಕೆಯೆಂದರೆ, ಸಣ್ಣ ಲಾರಿ ಕೊಂಡ ದಿನ ಕೀಲಿಕೈಯನ್ನು ಗಂಡನಿಗೂ ಕೊಡದೆ ನೇರ ಅವನ ಕೈಯಲ್ಲೇ ಇಟ್ಟಿದ್ದಳು. ಗಂಡ ಸುಂದರ ಬೋಟಿಗೆ ಹೋದರೆ ವಾರಗಟ್ಟಲೆ ಕಡಲಲ್ಲೇ. ಇವಳು ಬಂದರಿನ ಧಕ್ಕೆಯಲ್ಲಿ ಮೀನು ಮಾರುತ್ತಲೇ ನೇತ್ರಾವತಿಯ ಹಿನ್ನೀರಿನಲ್ಲಿ ಬಲೆಯ ಪಂಜರ ಇಳಿಸಿ ಮೀನು ಸಾಕಲು ಶುರು ಮಾಡಿದ್ದಳು. ಅದಕ್ಕೆ ಬೇಕಾದ ಮರಿಗಳನ್ನು ಮೂಲ್ಕಿಯ ಆಚೆಯಿಂದ ಜೀವಂತವಾಗಿ ತರಬೇಕು. ಲಾರಿಯ ಹಿಂದೆ ನೀರಿನ ಟ್ಯಾಂಕು ಕೂರಿಸಿ, ನೀರಿಗೆ ಗಾಳಿ ಊದಲು ಪಂಪು ಇಟ್ಟದ್ದಾಯಿತು. ಆದರೆ ಕಂಪೆನಿಯಿಂದ ಬಂದ ಆಲ್ಟರ್ನೇಟರಿಗೆ ಅಷ್ಟು ಕರೆಂಟು ಕೊಡುವ ತಾಕತ್ತಿರಲಿಲ್ಲ. ಹೆಡ್‌ಲೈಟು ಹಾಕಿದರೆ ಪಂಪು ನರಳುತ್ತಿತ್ತು, ಮರುದಿನ ಬ್ಯಾಟರಿ ಸತ್ತಿರುತ್ತಿತ್ತು.

ತೊಕ್ಕೊಟ್ಟಿನಲ್ಲಿ ಗಾಡಿಗಳ ಕರೆಂಟು ಕೆಲಸ ಮಾಡುವ ರುಡೊಲ್ಫ್ ಪೊರ್ಬುಗಳು ಅದನ್ನು ಬಿಚ್ಚಿ ದೊಡ್ಡ ಆಲ್ಟರ್ನೇಟರ್ ಕೂರಿಸಿಕೊಟ್ಟರು. ದಪ್ಪ ವಯರು ಎಳೆದರು. ಪಂಪಿಗೇ ಅಂತ ಬೇರೆ ಲೈನು, ಬೇರೆ ಫ್ಯೂಸು.

"ನೋಡು ಯಾದವ, ಕರೆಂಟು ಈಗ ಧಾರಾಳ ಉಂಟು. ಆದ್ರೆ ಈ ಲೈನು ಪಂಪಿಗೆ ಮಾತ್ರ. ಬೇರೆ ಎಂತದಾದ್ರೂ ಹಾಕ್ಲಿಕ್ಕಿದ್ರೆ ನನ್ನ ಹತ್ರ ಬಾ, ಬೇರೆ ಲೈನು ಎಳ್ದು ಕೊಡ್ತೇನೆ" ಎಂದಿದ್ದರು.

ಯಾದವನ ಕಿವಿಗೆ ಬಿದ್ದದ್ದು ಧಾರಾಳ ಎನ್ನುವ ಮಾತು ಮಾತ್ರ. ಒಬ್ಬನೇ ಗಾಡಿ ಓಡಿಸುವವನು, ಹಾಡಿನ ಹುಚ್ಚು ಬೇರೆ. ಎದೆಗೆ ಗುದ್ದುವಂಥ ಸ್ಪೀಕರು, ಆಂಪ್ಲಿಫಯರು ಬೇಕೆಂಬುದು ಅವನ ಬಹಳ ದಿನದ ಆಸೆ. ಪೊರ್ಬುಗಳ ಹತ್ತಿರ ಹೋದರೆ ಅಕ್ಕನ ಕಿವಿಗೆ ಬೀಳುತ್ತದೆ, ಇದೆಲ್ಲ ಎಂತಕ್ಕೆ ಎಂದು ಅವಳು ಕೇಳುತ್ತಾಳೆ. ಅಗ್ಗದವನ್ನು ಗುಟ್ಟಾಗಿ ಕೊಂಡು ತಂದು, ಸೀಟಿನ ಅಡಿಯಲ್ಲಿ ಪಂಪಿನ ಲೈನು ಬಂದು ಕೂಡುವ ಸ್ಕ್ರೂಗಳನ್ನು ತಾನೇ ಸಡಿಲಿಸಿ, ಅದರ ಕೆಳಗೆ ಆಂಪ್ಲಿಫಯರಿನ ವಯರು ತೂರಿಸಿ ಬಿಗಿ ಮಾಡಿದ. ಹಾಡು ಬಂತು. ಪಂಪೂ ಓಡಿತು. ಮುಂದಿನ ಟ್ರಿಪ್ಪುಗಳಲ್ಲೂ ಏನೂ ಆಗಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಟ್ಯಾಂಕಿನ ತುಂಬ ಮರಿ ತುಂಬಿಕೊಂಡು ಬರುತ್ತಿದ್ದಾಗ ಕೂಳೂರು ಸೇತುವೆಯ ಹತ್ತಿರ ಬ್ಲಾಕಾಯಿತು. ಮುಂದೆ ಟ್ಯಾಂಕರು, ಹಿಂದೆ ಬಸ್ಸು, ಎಲ್ಲ ಕಡೆ ಹಾರ್ನು. ಯಾದವ ವಾಲ್ಯೂಮು ಏರಿಸಿದ. ಸ್ವಲ್ಪ ಹೊತ್ತಿನಲ್ಲಿ ಹಾಡು ಫಕ್ಕನೆ ನಿಂತಿತು. ಅಗ್ಗದ ಮಾಲು ಕೈಕೊಟ್ಟಿತು ಎಂದು ಬೈದುಕೊಂಡು, ಬ್ಲಾಕು ಬಿಡುವವರೆಗೂ ಆಂಪ್ಲಿಫಯರಿನ ಪೆಟ್ಟಿಗೆಯನ್ನು ತಟ್ಟುತ್ತ, ಪಿನ್ನು ತೆಗೆದು ಹಾಕುತ್ತ ಕೂತ. ಅದೇ ಲೈನಿನಲ್ಲಿ ಪಂಪೂ ಇದೆಯೆಂಬುದು ತಲೆಗೆ ಹೋಗಲೇ ಇಲ್ಲ. ಅದು ಹೊಳೆದದ್ದು ನಂತೂರು ದಾಟಿದ ಮೇಲೆ. ಗಾಡಿ ಬದಿಗೆ ಹಾಕಿ, ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದ. ನೀರಿನ ಮೇಲೆಲ್ಲ ಬಿಳಿ ಹೊಟ್ಟೆಗಳು. ಮೂಲೆಯಲ್ಲಿ ಕೆಲವು ಮರಿಗಳು ಮಾತ್ರ ಬಾಯಿ ತೆರೆದು ಮೇಲಕ್ಕೆ ಬಂದು ಗಾಳಿ ಕಚ್ಚುತ್ತಿದ್ದವು.

ಅವನು ಮೊದಲು ಮಾಡಿದ ಕೆಲಸ ಅಕ್ಕನಿಗೆ ಫೋನು ಮಾಡಿದ್ದಲ್ಲ. ಆಂಪ್ಲಿಫಯರಿನ ವಯರು ಕಿತ್ತು, ಸ್ಕ್ರೂ ಮೊದಲಿನ ಹಾಗೆ ಬಿಗಿದು, ಪೆಟ್ಟಿಗೆ, ಸ್ಪೀಕರು ಎರಡನ್ನೂ ಗೋಣಿಯಲ್ಲಿ ಸುತ್ತಿ ಸೀಟಿನ ಹಿಂದಕ್ಕೆ ತಳ್ಳಿದ. ಆಮೇಲೆ ಫೋನು. "ಅಕ್ಕ, ಪಂಪು ನಿಂತಿದೆ. ವಯರಿಂಗ್ ಹೋಗಿದೆ ಕಾಣ್ತದೆ."

ಸಂಜೆ ರುಡೊಲ್ಫ್ ಪೊರ್ಬುಗಳು ದಮಯಂತಿಯ ಅಂಗಳಕ್ಕೇ ಬಂದರು. ಫ್ಯೂಸು ಸುಟ್ಟಿತ್ತು. ಹೊಸದು ಹಾಕಿದರೆ ಎಲ್ಲ ಸರಿ. ಯಾಕೆ ಸುಟ್ಟಿತೆಂಬುದು ಮಾತ್ರ ಸಿಗಲಿಲ್ಲ. ಅರುವತ್ತು ದಾಟಿದ ಮನುಷ್ಯ ಲಾರಿಯ ಅಡಿಗೆ ಅಂಗಾತ ಮಲಗಿ ವಯರನ್ನು ಗೇಣು ಗೇಣಾಗಿ ಮುಟ್ಟಿ ನೋಡಿದರು. ಯಾದವ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಿಡಿದ.

ಕೊನೆಗೆ ಹೊರಗೆ ಬಂದು ಎದ್ದು ನಿಂತವರು, "ವಯರು ಎಲ್ಲಿಯೋ ಗಾಡಿಯ ತಗಡಿಗೆ ತಾಗಿರ್ಬೇಕು ದಮಯಂತಿ. ನನ್ನ ಕೆಲ್ಸದಲ್ಲೇ ಎಂತದೋ ತಪ್ಪಾಗಿದೆ" ಎಂದರು.

ದಮಯಂತಿ ಸುಳ್ಳು ಹೇಳುವವಳಲ್ಲ. ಅವರು ಹೇಳಿದ್ದನ್ನೇ ಮರುದಿನ ಧಕ್ಕೆಯಲ್ಲಿ ಹೇಳಿದಳು. ಮರಿ ಸತ್ತ ಸಂಕಟ ಇತ್ತು, ಸ್ವರ ಜೋರಿತ್ತು. ಮೀನಿನ ಲಾರಿಯವರೆಲ್ಲ ಕೇಳಿಸಿಕೊಂಡರು.

ಅಂದಿನಿಂದ ಯಾದವನಿಗೆ ಊಟ ಸೇರದಾಯಿತು. ತೊಕ್ಕೊಟ್ಟಿನ ಆ ಅಂಗಡಿಯ ಎದುರು ಹೋಗಲಾರದೆ ಸುತ್ತು ಹಾಕಿ ಒಳದಾರಿಯಲ್ಲಿ ಬರತೊಡಗಿದ. ಅಕ್ಕ ಅವನ ತಟ್ಟೆಗೆ ಮತ್ತೊಂದು ತುಂಡು ಮೀನು ಹಾಕಿ, "ನೀನು ಎಂತಕ್ಕೆ ಬೇಜಾರು ಮಾಡುವುದು ಮಾರಾಯ? ನಿಂದೆಂತ ತಪ್ಪು ಉಂಟು?" ಎನ್ನುವಳು. ಅವನು ಆ ತುಂಡನ್ನು ತಟ್ಟೆಯ ಬದಿಗೆ ಸರಿಸುತ್ತಿದ್ದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೇಳಿಬಿಡಬೇಕೆಂದು ಬಾಯಿ ತೆರೆದಾಗಲೆಲ್ಲ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತಿತ್ತು. ದಿನ ಹೋದಂತೆ ಆ ಪ್ರಶ್ನೆ ದೊಡ್ಡದಾಗುತ್ತ ಹೋಯಿತು.

ಮಳೆಗಾಲ ಹಿಡಿದ ಮೇಲೆ ಒಮ್ಮೆ ಅಕ್ಕ ಹೇಳಿದಳು: "ನಮ್ಮ ಹಳೇ ಆಲ್ಟರ್ನೇಟರ್ ಪೊರ್ಬುಗಳ ಅಂಗಡಿಯಲ್ಲೇ ಬಿದ್ದಿದೆ. ತಕ್ಕೊಂಡು ಬಾ. ಅವರ ಹತ್ರ ಇನ್ನು ನಮ್ಗೆ ಎಂತ ಕೆಲ್ಸ?"

ಹೋಗದೆ ಗತಿಯಿರಲಿಲ್ಲ. ಮೊದಲು ಮೀನಿನ ಲಾರಿಗಳು ಸಾಲುಗಟ್ಟುತ್ತಿದ್ದ ಅಂಗಡಿಯ ಎದುರು ಈಗ ಒಂದೇ ಒಂದು ಗೂಡ್ಸ್ ರಿಕ್ಷಾ ನಿಂತಿತ್ತು. ಅದರವನು ಸಿಡುಕುತ್ತಿದ್ದ. "ಮುಗ್ದಿದೆ ಅಂತ ಹೇಳಿ ಪುನಃ ಬಿಚ್ಚುದೆಂತ ಪೊರ್ಬುಗಳೇ? ನಂಗೆ ಬಾಡಿಗೆ ಉಂಟು." ಪೊರ್ಬುಗಳು ಬಿಗಿದ ನಟ್ಟನ್ನು ಮತ್ತೆ ಸಡಿಲಿಸಿ, ಮತ್ತೆ ಬಿಗಿದು ಅವನನ್ನು ಕಳಿಸಿದರು. ಅವನು ತಿರುಗಿ ನೋಡದೆ ಹೋದ. ಒಳಗಿನಿಂದ ಪೊರ್ಬುಗಳ ಹೆಂಡತಿ ಮೆರ್ಲಿನ್‌ಬಾಯಿ ಇಣುಕಿ ನೋಡಿ, "ಈಗೀಗ ಎಲ್ಲವನ್ನೂ ಹೀಗೇ ಮಾಡುವುದು. ಊಟಕ್ಕೆ ಕೂತವರು ಎದ್ದು ಬರ್ತಾರೆ" ಎಂದರು, ಯಾದವನಿಗೋ ತಮಗೋ ತಿಳಿಯದ ಹಾಗೆ.

ಪೊರ್ಬುಗಳು ಬೆಂಚಿನ ಮೇಲಿದ್ದ ಒಂದು ಸ್ಟಾರ್ಟರನ್ನು ಅವನತ್ತ ತಿರುಗಿಸಿದರು. "ಯಾದವ, ಒಮ್ಮೆ ಮುಟ್ಟಿ ನೋಡು. ಈ ನಟ್ಟು ಬಿಗಿ ಉಂಟಲ್ಲ? ನನ್ನ ಕೈಯನ್ನು ನಂಗೆ ನಂಬ್ಲಿಕ್ಕಾಗುದಿಲ್ಲ."

ಯಾದವ ಮುಟ್ಟಿದ. ಕಲ್ಲಿನ ಹಾಗೆ ಬಿಗಿಯಾಗಿತ್ತು. ಕೈ ಹಿಂದೆ ತೆಗೆಯಲಾಗದೆ ಅಲ್ಲೇ ಇಟ್ಟುಕೊಂಡು ಹೇಳಿದ: "ನಿಮ್ಮ ಕೈಯಿಂದ ತಪ್ಪಾಗ್ಲಿಲ್ಲ. ಪಂಪಿನ ಲೈನಿಗೆ ನಾನು ಆಂಪ್ಲಿಫಯರ್ ಸಿಕ್ಕಿಸಿದ್ದೆ. ನೀವು ಬರುವ ಮೊದ್ಲು ತೆಗ್ದಿಟ್ಟೆ."

ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಮುಖದಲ್ಲಿ ಮೊದಲು ಕಂಡದ್ದು ಸಿಟ್ಟಲ್ಲ, ಒಂದು ಬಗೆಯ ಬಿಡುಗಡೆ. ಸಿಟ್ಟು ಆಮೇಲೆ ಬಂತು, ನಿಧಾನವಾಗಿ.

"ನಾನು ಲಾರಿ ಅಡಿಯಲ್ಲಿ ಹುಡುಕುವಾಗ ನೀನು ಟಾರ್ಚು ಹಿಡಿದಿದ್ದಿ."

"ಹೌದು."

"ಟಾರ್ಚು ಹಿಡ್ಕೊಂಡು ನನ್ನ ಮುಖ ನೋಡ್ತಾ ಇದ್ದಿಯಲ್ಲ ಮಾರಾಯ!"

ಯಾದವ ನಟ್ಟಿನ ಮೇಲಿಂದ ಕೈ ತೆಗೆದ.

"ನನ್ನ ಹತ್ರ ಹೇಳಿ ಎಂತ ಆಗ್ಲಿಕ್ಕುಂಟು? ಹೋಗಿ ನಿನ್ನ ಅಕ್ಕನ ಹತ್ರ ಹೇಳು."

ದಮಯಂತಿ ಹಿತ್ತಿಲಲ್ಲಿ ಹರಿದ ಬಲೆಗೆ ನೂಲು ಹಾಕುತ್ತ ಕೂತಿದ್ದಳು. ಪೂರ್ತಿ ಕೇಳಿದಳು. ಬಲೆಯನ್ನು ಮಡಚಿಟ್ಟು, ಸೆರಗಿಗೆ ಕೈ ಒರೆಸಿ, "ಗಾಡಿ ತೆಗಿ" ಎಂದಳು.

ಅಂಗಡಿಗೆ ಹೋಗುತ್ತಾಳೆಂದು ಅವನೆಣಿಸಿದ್ದ. ಅಲ್ಲಿ ಇಳಿದದ್ದೂ ಹೌದು. ಪೊರ್ಬುಗಳ ಎದುರು ನಿಂತು, "ತಪ್ಪಾಯ್ತು, ವಿಚಾರಿಸದೆ ಧಕ್ಕೆಯಲ್ಲಿ ನಿಮ್ಮನ್ನು ದೂರಿದೆ" ಎಂದಳು. ಆದರೆ ಅಲ್ಲಿಗೆ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಧಕ್ಕೆಗೆ ಅವನನ್ನೂ ಕರೆದುಕೊಂಡು ಹೋಗಿ, ಹರಾಜು ಮುಗಿದು ಲಾರಿಯವರೆಲ್ಲ ಚಾ ಕುಡಿಯುವ ಹೊತ್ತಿಗೆ, ಮೊದಲು ಯಾವ ಸ್ವರದಲ್ಲಿ ದೂರಿದ್ದಳೋ ಅದೇ ಸ್ವರದಲ್ಲಿ ನಿಜ ಹೇಳಿದಳು. ತಮ್ಮನ ಹೆಸರು ಬಿಡಲಿಲ್ಲ. ಯಾದವ ಪಕ್ಕದಲ್ಲೇ ನಿಂತಿದ್ದ. ಯಾರೂ ಬೈಯಲಿಲ್ಲ. ಒಬ್ಬ ಮಾತ್ರ ಇನ್ನೊಬ್ಬನನ್ನು ನೋಡಿ ನಕ್ಕ. ಬೈಗುಳ ಅದಕ್ಕಿಂತ ವಾಸಿ ಎನ್ನಿಸಿತು ಯಾದವನಿಗೆ.

ಲಾರಿಯ ಕೀಲಿಕೈ ಅಕ್ಕ ಕಿತ್ತುಕೊಳ್ಳಲಿಲ್ಲ. ಮರಿ ತರುವ ದಿನ ಮಾತ್ರ ತಾನೂ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ತೊಕ್ಕೊಟ್ಟಿನ ಅಂಗಡಿಗೆ ಮೀನಿನ ಲಾರಿಗಳು ಒಂದೊಂದಾಗಿ ಮರಳಿದವು. ಯಾದವ ಈಗ ಒಳದಾರಿ ಹಿಡಿಯುವುದಿಲ್ಲ, ಅಂಗಡಿಯ ಎದುರೇ ಹೋಗುತ್ತಾನೆ. ಎಷ್ಟೋ ಸಲ ನೋಡಿದ್ದಾನೆ: ಕೆಲಸ ಮುಗಿದು ಗಾಡಿ ಹೊರಟಿರುತ್ತದೆ, ಪೊರ್ಬುಗಳು ಸ್ಪ್ಯಾನರು ಹಿಡಿದು ರಸ್ತೆಗೆ ಬಂದು, ನಟ್ಟು ಇನ್ನೊಮ್ಮೆ ನೋಡಲೆಂದು ಗಾಡಿಯನ್ನು ಕೈಬೀಸಿ ನಿಲ್ಲಿಸುತ್ತಿರುತ್ತಾರೆ.